ಬಾಡಿಗೆ ಪ್ಲಸ್ ಮೇಂಟೆನೆನ್ಸ್: ಯಾವುದು ಯಾರ ಪಾಲು?

ನಮಸ್ಕಾರ. ಬೆಂಗಳೂರಿನಲ್ಲಿ ಫ್ಲಾಟ್ ಹುಡುಕಿದವರಿಗೆಲ್ಲ ಈ ಮಾತು ಗೊತ್ತು. "ಬಾಡಿಗೆ 28,000, ಪ್ಲಸ್ ಮೇಂಟೆನೆನ್ಸ್." ಆ ಮೇಂಟೆನೆನ್ಸ್‌ನಲ್ಲಿ ಏನೇನು ಸೇರಿದೆ ಅಂತ ಓನರ್ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಚದರಡಿಗೆ 4 ರೂಪಾಯಿ ಅಂದುಕೊಳ್ಳಿ. 1,200 ಚದರಡಿ ಮನೆಗೆ ತಿಂಗಳಿಗೆ 4,800. ವರ್ಷಕ್ಕೆ 57,600. ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಆಯ್ತು.

ಒಂದು ಸಲ ಆ ಬಿಲ್ ಪೂರ್ತಿ ಓದಿ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಲಿಫ್ಟಿನ ಕರೆಂಟು, ಜನರೇಟರ್ ಡೀಸೆಲ್, ನೀರಿನ ಟ್ಯಾಂಕರ್. ಇವೆಲ್ಲ ಅಲ್ಲಿ ವಾಸ ಮಾಡುವವರು ದಿನಾ ಬಳಸುವಂಥವು. ಬಾಡಿಗೆದಾರರೇ ಕಟ್ಟಲಿ, ಅದು ನ್ಯಾಯ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ಖರ್ಚು ಏರಿದಾಗಲೂ ಅಷ್ಟೇ, ಆ ನೀರು ಕುಡಿದವರು, ಸ್ನಾನ ಮಾಡಿದವರು ನಾವೇ ಅಲ್ವಾ?

ಆದರೆ ಅದೇ ಬಿಲ್ಲಿನಲ್ಲಿ ಕೆಳಗೆ ಸಿಂಕಿಂಗ್ ಫಂಡ್ ಅಂತ ಒಂದು ಸಾಲು ಇರುತ್ತದೆ. ಮುಂದೆ ಯಾವತ್ತೋ ಲಿಫ್ಟ್ ಬದಲಿಸಲು, ಹೊರಗೋಡೆಗೆ ಪೇಂಟ್ ಹೊಡೆಸಲು, ಟೆರೇಸ್ ಸೋರದಂತೆ ಮಾಡಿಸಲು ಕೂಡಿಡುವ ದುಡ್ಡು ಅದು. ಅದರಿಂದ ಉಳಿಯುವುದು ಓನರ್ ಆಸ್ತಿಯ ಬೆಲೆ. 11 ತಿಂಗಳ ಅಗ್ರಿಮೆಂಟ್ ಮೇಲೆ ಇರುವವರು ಅದನ್ನು ಯಾಕೆ ಕಟ್ಟಬೇಕು? ಆ ದುಡ್ಡನ್ನು ಹೇಗೆ ಖರ್ಚು ಮಾಡಬೇಕು ಅನ್ನುವ ಮೀಟಿಂಗ್‌ನಲ್ಲಿ ಅವರಿಗೆ ಮತವೂ ಇರುವುದಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಬಾಡಿಗೆದಾರರು ಪ್ರತಿ ತಿಂಗಳು ಮೇಂಟೆನೆನ್ಸ್ ಸೇರಿಸಿಯೇ ಓನರ್ ಖಾತೆಗೆ ಹಾಕುತ್ತಾರೆ. ಓನರ್ ಅದನ್ನು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಕಟ್ಟಿರುವುದಿಲ್ಲ. ಮನೆ ಖಾಲಿ ಮಾಡುವ ದಿನ ಸಾಮಾನು ತುಂಬಿದ ಗಾಡಿಯನ್ನು ಸೆಕ್ಯೂರಿಟಿಯವರು ಗೇಟಿನಲ್ಲಿ ತಡೆದು ನಿಲ್ಲಿಸುತ್ತಾರೆ, ಅಸೋಸಿಯೇಷನ್‌ನಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ತನ್ನಿ ಅನ್ನುತ್ತಾರೆ. "ನಿಮ್ಮ ಫ್ಲಾಟಿಂದು ಬಾಕಿ ಇದೆ ಸಾರ್, ಎನ್‌ಒಸಿ ಇಲ್ಲದೆ ಬಿಡೋಕಾಗಲ್ಲ." ಮಕ್ಕಳು, ವಯಸ್ಸಾದವರು ಬಿಸಿಲಲ್ಲಿ ನಿಂತಿರುತ್ತಾರೆ. ಓನರ್ ಫೋನ್ ಎತ್ತುವುದಿಲ್ಲ.

ಇದು ತಪ್ಪು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಅಸೋಸಿಯೇಷನ್ ಅಂದರೆ ಮಾಲೀಕರ ಸಂಘ. ಕಟ್ಟದೆ ಉಳಿಸಿದ ಬಾಕಿಯ ಹೊಣೆ ಆ ಫ್ಲಾಟ್ ಮೇಲೆಯೇ ಬೀಳುತ್ತದೆ. ಅಂದಮೇಲೆ ಅಸೋಸಿಯೇಷನ್‌ನವರು ಓನರನ್ನು ಹಿಡಿಯಲಿ, ನೋಟಿಸ್ ಕೊಡಲಿ. ಬಾಡಿಗೆದಾರರ ಗಾಡಿ ನಿಲ್ಲಿಸುವುದು, ನೀರು ನಿಲ್ಲಿಸುವುದು ಯಾವ ನ್ಯಾಯ?

ಓನರ್‌ಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಬ್ಯಾಂಕಿಗೆ ಇಎಂಐ ಕಟ್ಟುತ್ತಾ ಬಾಡಿಗೆಗೆ ಕೊಟ್ಟವರು ಬಹಳ ಜನ ಇದ್ದಾರೆ. ಆದರೆ ಬಾಡಿಗೆ ಆದಾಯದಲ್ಲಿ ಶೇಕಡಾ 30ರಷ್ಟನ್ನು ಖರ್ಚಿನ ಲೆಕ್ಕ ಕೇಳದೆಯೇ ಆದಾಯ ತೆರಿಗೆಯಲ್ಲಿ ಕಳೆಯಲು ಅವರಿಗೆ ಅವಕಾಶವಿದೆ. ಅದೇ ಬಾಡಿಗೆದಾರರು ಬೇರೆಯಾಗಿ ಕಟ್ಟುವ ಮೇಂಟೆನೆನ್ಸ್ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ವಿನಾಯಿತಿ ಲೆಕ್ಕಕ್ಕೆ ಬಾಡಿಗೆ ಅನ್ನಿಸಿಕೊಳ್ಳುವುದಿಲ್ಲ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ಕಳೆದ ಮೂರು ತಿಂಗಳ ಮೇಂಟೆನೆನ್ಸ್ ಬಿಲ್ ಕೇಳಿ. ಬಾಕಿ ಇಲ್ಲ ಅಂತ ಅಸೋಸಿಯೇಷನ್‌ನಿಂದ ಬರಹದಲ್ಲಿ ತರಿಸಿ. ದಿನದ ಖರ್ಚು ಬಾಡಿಗೆದಾರರದು, ಸಿಂಕಿಂಗ್ ಫಂಡ್ ಮತ್ತು ದೊಡ್ಡ ರಿಪೇರಿ ಮಾಲೀಕರದು ಅಂತ ಅಗ್ರಿಮೆಂಟ್‌ನಲ್ಲೇ ಬರೆಸಿ. ದುಡ್ಡನ್ನು ನೇರವಾಗಿ ಅಸೋಸಿಯೇಷನ್ ಖಾತೆಗೇ ಹಾಕಿ, ರಸೀದಿ ಇಟ್ಟುಕೊಳ್ಳಿ. ಇಷ್ಟಕ್ಕೂ ಒಪ್ಪದ ಓನರ್ ಸಿಕ್ಕರೆ ಬೇರೆ ಮನೆ ನೋಡಿ.