ತಗಡಿನ ಸದ್ದು

ಈಗ ನೀವು ಕೇಳಿದ್ದು ನನ್ನ ಓಮ್ನಿಯ ಚಾವಣಿಗೆ ಗೆಣ್ಣಿನಿಂದ ತಟ್ಟಿದ ಸದ್ದು. ಖಾಲಿ ಎಣ್ಣೆ ಡಬ್ಬದ ಹಾಗೆ ಟಣ್ ಎನ್ನುತ್ತದೆ. ಹೋದ ಮಳೆಗಾಲದಲ್ಲಿ ಆಗುಂಬೆಯಲ್ಲಿ ಈ ವ್ಯಾನಿನೊಳಗೇ ಮಲಗಿದ್ದೆ. ತಲೆಯ ಮೇಲೆ ಯಾರೋ ರಾತ್ರಿಯಿಡೀ ಮೊರದಿಂದ ಕಾಳು ಸುರಿಯುತ್ತಿದ್ದ ಹಾಗಿತ್ತು. ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ.

1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಗಾಡಿ ಇದು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇದೆ. ಎಂಜಿನ್ ಮೇಲೆ ಕುಳಿತೇ ಊರೂರು ಸುತ್ತಿದ್ದೇನೆ. ಹಿಂದೆ ಕುಳಿತ ಅಮ್ಮನ ಮಾತು ಕೇಳಬೇಕಾದರೆ ಗಾಡಿ ನಿಲ್ಲಿಸಬೇಕಿತ್ತು.

ಈ ಗದ್ದಲ ಅಡಗಿಸಲೆಂದು, ಗಾಡಿಯ ತಗಡಿಗೆ ಒಳಗಿನಿಂದ ಅಂಟಿಸಲು ಬೆಂಗಳೂರಿನ ಜೆ.ಸಿ. ರಸ್ತೆಯಿಂದ 2 ಮಿಲಿಮೀಟರ್ ದಪ್ಪದ ಬ್ಯುಟೈಲ್ ರಬ್ಬರ್ ಶೀಟುಗಳನ್ನು ತಂದೆ. ಒಂದು ಬದಿ ಅಂಟು, ಇನ್ನೊಂದು ಬದಿ ಅಲ್ಯೂಮಿನಿಯಂ ಹಾಳೆ. ಡಾಂಬರಿನ ಶೀಟು ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಬಿಸಿಲಿಗೆ ಕಾದ ಚಾವಣಿಯಲ್ಲಿ ಅದು ಮೆತ್ತಗಾಗಿ ಜಾರುತ್ತದೆ, ವಾಸನೆಯನ್ನೂ ಬಿಡುತ್ತದೆ. ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ.

ನೆಲದ ಮ್ಯಾಟ್ ಎತ್ತಿದಾಗ ನನ್ನ ಎದೆ ಧಸಕ್ಕೆಂದಿತು. ಎಷ್ಟೋ ಮಳೆಗಾಲಗಳ ಒದ್ದೆ ಚಪ್ಪಲಿಯ ನೀರು ಅಡಿಯಲ್ಲಿ ನಿಂತು, ಅಂಗೈ ಅಗಲದ ಜಾಗ ತುಕ್ಕು ಹಿಡಿದಿತ್ತು. ತುಕ್ಕಿನ ಮೇಲೆಯೇ ಶೀಟು ಅಂಟಿಸಿದ್ದರೆ ಒಳಗೊಳಗೇ ತಗಡು ತಿಂದು ಹೋಗುತ್ತಿತ್ತು. ತಂತಿ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಬಳಿದು ಒಣಗಿಸಲು ಎರಡು ದಿನ ಹಿಡಿಯಿತು. ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಎರಡು ದಿನ ಅವೇ.

ಆಮೇಲೆ ಸ್ಪಿರಿಟ್‌ನಿಂದ ಜಿಡ್ಡು ಒರೆಸಿ ಶೀಟು ಅಂಟಿಸಿದೆ. ಬಿದ್ದು ಗುಂಯ್‌ಗುಡುವ ಸ್ಟೀಲ್ ತಟ್ಟೆಯ ಮೇಲೆ ಅಂಗೈ ಇಟ್ಟರೆ ಸದ್ದು ತಟ್ಟನೆ ಅಡಗುತ್ತದಲ್ಲವೇ? ಈ ರಬ್ಬರ್ ಮಾಡುವುದೂ ಅದನ್ನೇ. ತಗಡಿನ ನಡುಕವನ್ನು ಹೀರಿ, ತುಸುವೇ ಶಾಖವಾಗಿ ಬದಲಿಸುತ್ತದೆ. ಆದ್ದರಿಂದ ಮೂಲೆ ಮೂಲೆಗೂ ಅಂಟಿಸುವ ಅಗತ್ಯವಿಲ್ಲ. ಸಪಾಟಾದ ಪ್ರತಿ ತಗಡಿನ ನಡುಭಾಗದಲ್ಲಿ, ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಸಾಕು. ಇಡೀ ಗಾಡಿಗೆ ಹೊದಿಸಿದರೆ ಹಣವೂ ದಂಡ, ಈ ಪುಟ್ಟ ಎಂಜಿನ್‌ಗೆ ಭಾರವೂ ಹೆಚ್ಚು. ಅಂಟಿಸಿದ ಮೇಲೆ ರೋಲರ್‌ನಿಂದ ಗಟ್ಟಿಯಾಗಿ ಒತ್ತಿ; ಅಡಿಯಲ್ಲಿ ಗಾಳಿ ಉಳಿದ ಕಡೆ ಶೀಟು ಇದ್ದೂ ಇಲ್ಲದಂತೆ. ಬಾಗಿಲುಗಳ ತಳದಲ್ಲಿ ನೀರು ಇಳಿಯುವ ತೂತುಗಳನ್ನು ಮಾತ್ರ ದಯವಿಟ್ಟು ಮುಚ್ಚಬೇಡಿ.

ಚಾವಣಿಗೆ ಇದರ ಮೇಲೊಂದು ಪದರ ಫೋಮ್ ಕೂಡ ಹಾಕಿದೆ, ಬಿಸಿಲ ಝಳಕ್ಕೆ. ಎಂಜಿನ್ ಸದ್ದು ಪೂರ್ತಿ ಹೋಗಿಲ್ಲ. ಗಾಳಿಯಲ್ಲಿ ತೇಲಿ ಬರುವ ಸದ್ದನ್ನು ಈ ಶೀಟು ತಡೆಯುವುದಿಲ್ಲ. ಅದಕ್ಕೆ ಭಾರವಾದ ವಿನೈಲ್ ಹೊದಿಕೆಯೇ ಬೇಕು.

ಈಗ ಮತ್ತೆ ತಟ್ಟುತ್ತೇನೆ, ಕೇಳಿ. ದಪ್. ಅಷ್ಟೇ.

ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಸಂತೆಗೆ ಹೋಗಿಬಂದೆ. ದಾರಿಯುದ್ದಕ್ಕೂ ಮಾತನಾಡಿದರು, ಒಂದು ಮಾತೂ ತಪ್ಪಲಿಲ್ಲ. ಗಾಡಿಯಲ್ಲಿಟ್ಟಿರುವ ಅಡುಗೆ ಒಲೆಯ ಪೆಟ್ಟಿಗೆಯ ಚಿಲಕ ಕಟಕಟ ಎನ್ನುತ್ತಿದೆ ಎಂದು ಅವರೇ ಹೇಳಿದ್ದು. ಅದು ಮೊದಲೂ ಹಾಗೆಯೇ ಎನ್ನುತ್ತಿದ್ದಿರಬೇಕು, ಗದ್ದಲದಲ್ಲಿ ಕೇಳಿಸಿರಲಿಲ್ಲ. ಇವತ್ತು ಅದಕ್ಕೆ ಬಟ್ಟೆಯ ಪಟ್ಟಿ ಸುತ್ತಿ, ನಾಳೆ ಆಗುಂಬೆಗೆ ಹೊರಡುತ್ತೇನೆ. ಅಲ್ಲಿ ಮಳೆ ಹಿಡಿದಿದೆಯಂತೆ.