ಸಮುದ್ರವನ್ನು ಹೊರಗೆ ನಿಲ್ಲಿಸಿದ ಗದ್ದೆ | ಗ್ರಾಂ ಪ್ರೆಯಲ್ಲಿ ಒಂದು ದಿನ

ಎಲ್ಲರಿಗೂ ನಮಸ್ಕಾರ. ಹಾಲಿಫ್ಯಾಕ್ಸ್‌ನಿಂದ ಒಂದು ಗಂಟೆ ದಾರಿ. ಕೆನಡಾದ ನೋವಾ ಸ್ಕೋಷಿಯಾದ ಗ್ರಾಂ ಪ್ರೆಗೆ ಬಂದಿದ್ದೇವೆ. ಹೆಸರಿನ ಅರ್ಥ ದೊಡ್ಡ ಹುಲ್ಲುಗಾವಲು.

ಈ ಚರ್ಚ್ 1922ರದ್ದು. ಚೆನ್ನಾಗಿದೆ. ಬೆಳಿಗ್ಗೆ ಇದೇ ಇಲ್ಲಿನ ಮುಖ್ಯ ಜಾಗ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುತ್ತಿಲ್ಲ. ಹಿಂದೆ ಚಪ್ಪಟೆಯಾಗಿ ಹಸಿರು ಕಾಣುತ್ತಿದೆಯಲ್ಲ, ಅದೇ ಮುಖ್ಯ. ಉಬ್ಬರ ಬಂದಾಗ ಸಮುದ್ರದ ಮಟ್ಟ ಆ ಗದ್ದೆಗಿಂತ ಮೇಲಿರುತ್ತದೆ. ನಡುವೆ ಇರುವುದು ಒಂದು ಮಣ್ಣಿನ ಒಡ್ಡು, ಅಷ್ಟೇ. ಬರೀ ಗದ್ದೆಗೆ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟ ಯಾಕೆ ಕೊಟ್ಟರು ಅಂತ ನಾನೂ ಕೇಳಿದ್ದೆ. ಆ ಪ್ರಶ್ನೆ ವಾಪಸ್ ತಗೊಂಡೆ.

ಇದು ಒಡ್ಡಿನ ಹೊರಗಡೆ. ನೀರೇ ಇಲ್ಲ, ಅಲ್ವಾ? ನಾನು ನೋಡಿಕೊಂಡು ಬಂದದ್ದು ನಿನ್ನೆಯ ಉಬ್ಬರದ ಸಮಯ. ಅದು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಕರಾವಳಿಯಲ್ಲಿ ಹುಟ್ಟಿದವಳು ಇದನ್ನು ಮರೆಯಬಾರದಿತ್ತು. ಸರಿ, ಕಾಯುವಷ್ಟರಲ್ಲಿ ಹತ್ತಿರದಿಂದ ಶೂಟ್ ಮಾಡೋಣ ಅಂತ ನಾಲ್ಕು ಹೆಜ್ಜೆ ಇಳಿದೆ. ಐದನೆಯದಕ್ಕೆ ಮೊಣಕಾಲವರೆಗೆ ಕೆಂಪು ಕೆಸರು. ಕಾಲು ಎಳೆದರೆ ಕಾಲು ಮಾತ್ರ ಬಂತು, ಶೂ ಬರಲಿಲ್ಲ. ಕೈ ಹಾಕಿದೆ, ಸಿಗಲಿಲ್ಲ. ಟ್ರೈಪಾಡ್ ಹಾಕಿ ಕೆದಕಿದೆ, ಅದೂ ಹೂತುಕೊಂಡಿತು. ಅದನ್ನು ಎಳೆದುಕೊಂಡದ್ದೇ ದೊಡ್ಡದು. ಶೂ ಹೊಸದು, ನೂರನಲವತ್ತು ಡಾಲರ್. ಎರಡನೇ ಸಲ ಹಾಕಿದ್ದು. ನಿಜವಾಗಿ ಅಳು ಬಂತು. ನೀವು ಬಂದರೆ ಒಡ್ಡಿನ ಮೇಲೆಯೇ ನಡೆಯಿರಿ. ಆ ಕೆಸರಿನ ಮೇಲೆ ಉಬ್ಬರ ಬೇಗ ಬರುತ್ತದೆ, ಅದು ಆಟವಲ್ಲ.

ಆದರೆ ಕೈಗೆ ಅಂಟಿದ ಆ ಕೆಸರು ನೋಡಿ, ಬೆಣ್ಣೆ ಹಾಗೆ ನುಣ್ಣಗಿದೆ. ಇಲ್ಲಿನ ಕೊಲ್ಲಿ, ಬೇ ಆಫ್ ಫಂಡಿಯ ಉಬ್ಬರ ತಂದು ಹಾಕಿದ ಮಣ್ಣು. 1680ರ ದಶಕದಲ್ಲಿ ಇಲ್ಲಿಗೆ ಬಂದ ಅಕೇಡಿಯನ್ನರು, ಅಂದರೆ ಫ್ರಾನ್ಸಿನಿಂದ ಬಂದ ರೈತರ ಮಕ್ಕಳು ಮೊಮ್ಮಕ್ಕಳು, ಕಾಡು ಕಡಿಯುವ ಬದಲು ಈ ಮಣ್ಣನ್ನು ಆರಿಸಿಕೊಂಡರು. ಉಪ್ಪುನೀರಲ್ಲೇ ಬೆಳೆಯುವ ಹುಲ್ಲನ್ನು ಬೇರು ಸಮೇತ ಇಟ್ಟಿಗೆಯಂತೆ ಕತ್ತರಿಸಿ ಒಡ್ಡು ಕಟ್ಟಿದರು. ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಒಡ್ಡಿನ ಬುಡದಲ್ಲಿ ಮರದ ತೂಬು, ಅದರೊಳಗೆ ಒಂದೇ ಕಡೆ ತೆರೆಯುವ ಹಲಗೆ. ಅದಕ್ಕೆ ಅಬ್ವಾಟೊ ಅನ್ನುತ್ತಾರೆ. ಇಳಿತದಲ್ಲಿ ಗದ್ದೆಯ ಮಳೆನೀರು ಹಲಗೆ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಉಬ್ಬರದಲ್ಲಿ ಸಮುದ್ರವೇ ಹಲಗೆಯನ್ನು ಒತ್ತಿ ಮುಚ್ಚುತ್ತದೆ. ಕಾವಲಿಗೆ ಯಾರೂ ಬೇಕಿಲ್ಲ. ಎರಡು ಮೂರು ವರ್ಷ ಮಳೆ, ಹಿಮ ಬಿದ್ದು ಉಪ್ಪು ತೊಳೆದುಹೋದ ಮೇಲೆ ಗೋಧಿ.

ನಮ್ಮ ಕುಮಟಾ ಕಡೆ ಗಜನಿ ಗದ್ದೆಗೂ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗೂ, ಒಡ್ಡು ಇದೆ, ಬಾಗಿಲು ಇದೆ. ಆದರೆ ನಾವು ಉಪ್ಪು ತಡೆಯುವ ಕಗ್ಗ ಭತ್ತ ಕೊಯ್ದ ಮೇಲೆ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತೇವೆ, ಸಿಗಡಿ ಮೀನು ಸಿಗುತ್ತದೆ. ಅಜ್ಜಿ ಮಾಡುತ್ತಿದ್ದ ಸಿಗಡಿ ಸುಕ್ಕ… ಅದು ಇನ್ನೊಂದು ವಿಡಿಯೊಗೆ. ಇಲ್ಲಿ ಸಮುದ್ರವನ್ನು ಒಳಗೆ ಬಿಡುವುದೇ ಇಲ್ಲ.

ಈ ಶಾಟ್‌ನಲ್ಲಿ ಸ್ವಲ್ಪ ನಿಲ್ಲುತ್ತೇನೆ. 1755ರ ಸೆಪ್ಟೆಂಬರ್ 5. ಬ್ರಿಟಿಷ್ ಕಡೆಯ ಸೇನಾಧಿಕಾರಿ ಜಾನ್ ವಿನ್ಸ್ಲೋ ಇಲ್ಲಿನ ಗಂಡಸರನ್ನು, ಹತ್ತು ವರ್ಷ ದಾಟಿದ ಹುಡುಗರನ್ನು ಆಗಿನ ಚರ್ಚಿಗೆ ಕರೆಸಿ, ನಿಮ್ಮ ಭೂಮಿ, ದನಕರು ಎಲ್ಲ ರಾಜನದು ಅಂತ ಓದಿ ಹೇಳಿದ. ಈ ಸುತ್ತಮುತ್ತಲಿನಿಂದಲೇ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹಡಗಿಗೆ ಹತ್ತಿಸಿ ಗಡಿಪಾರು ಮಾಡಿದರು. 1759ರ ಬಿರುಗಾಳಿಗೆ ಒಡ್ಡು ಒಡೆಯಿತು. ಮರುವರ್ಷ ನ್ಯೂ ಇಂಗ್ಲೆಂಡಿನಿಂದ ಬಂದು ಈ ಭೂಮಿ ಪಡೆದವರಿಗೆ ಅದನ್ನು ಸರಿಮಾಡಲು ಬರುತ್ತಿರಲಿಲ್ಲ. ಆಗ ಸೆರೆಯಲ್ಲಿದ್ದ ಅಕೇಡಿಯನ್ನರನ್ನೇ ಕರೆತಂದು ಒಡ್ಡು ಕಟ್ಟಿಸಿದರು. ತಾವು ಕಳೆದುಕೊಂಡ ಗದ್ದೆಯನ್ನು ಬೇರೆಯವರಿಗೋಸ್ಕರ ಉಳಿಸಿಕೊಡುವುದು. ಬೆಳಿಗ್ಗೆ ಚರ್ಚ್ ಹತ್ತಿರದ ಪ್ರತಿಮೆ ಮುಂದೆ ನಿಂತಾಗ ನನಗೆ ಇದು ಇಷ್ಟು ತಟ್ಟಿರಲಿಲ್ಲ.

ನೀರು ಬಂತು, ಬಂತು! ನೋಡಿ, ಈ ತೂಬಿನಿಂದ ಬರುತ್ತಿದ್ದ ನೀರು ನಿಂತುಹೋಯಿತು. ಈಗಿನದು ಮರದ್ದಲ್ಲ, ಕೆಲಸ ಮಾತ್ರ ಅದೇ. ನನ್ನ ಶೂ ಇರುವ ಜಾಗ ಮುಳುಗಿತು. ಈಗ ಕ್ಯಾಮೆರಾ ಈ ಕಡೆ ತಿರುಗಿಸುತ್ತೇನೆ. ಒಡ್ಡಿನ ಒಳಗೆ ಟ್ರ್ಯಾಕ್ಟರ್ ಹುಲ್ಲು ಕೊಯ್ಯುತ್ತಿದೆ.