ಸಟಿಲ್ಲಾ ಶೋರ್ಸ್‌ನ ಐದು ನಿಮಿಷ

ನಮಸ್ಕಾರ. 2020ರ ಫೆಬ್ರವರಿ 23, ಭಾನುವಾರ ಮಧ್ಯಾಹ್ನ. ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿ, ಬ್ರನ್ಸ್‌ವಿಕ್ ಪಟ್ಟಣದ ಹೊರವಲಯದ ಸಟಿಲ್ಲಾ ಶೋರ್ಸ್ ಎಂಬ ಬಡಾವಣೆಯಿಂದ ಒಬ್ಬರು 911 ಎಂಬ ತುರ್ತು ಸಂಖ್ಯೆಗೆ ಕರೆ ಮಾಡಿ, ಕಟ್ಟುತ್ತಿರುವ ಮನೆಯೊಂದರೊಳಗೆ ಯಾರೋ ಇದ್ದಾರೆ ಎಂದು ತಿಳಿಸಿದರು. ಬಾಗಿಲು ಒಡೆದು ಒಳಗೆ ಹೋಗಿದ್ದಾನೆಯೇ ಎಂದು ಕೇಳಿದಾಗ, ಇಲ್ಲ, ಮನೆ ಇನ್ನೂ ತೆರೆದೇ ಇದೆ ಎಂದರು. ಹಾಗಾದರೆ ಅವನು ಮಾಡುತ್ತಿರುವ ತಪ್ಪೇನು ಎಂದು ಆ ಕಡೆಯ ಸಿಬ್ಬಂದಿ ವಿಚಾರಿಸಿದರು. ಕೆಲವೇ ನಿಮಿಷಗಳ ನಂತರ ಅದೇ ಬಡಾವಣೆಯಿಂದ ಎರಡನೆಯ ಕರೆ ಬಂತು. ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ರಿವಾಲ್ವರ್ ಇಟ್ಟುಕೊಂಡು ನಿಂತಿದ್ದ 64 ವರ್ಷದ ಬಿಳಿಯ ಗ್ರೆಗರಿ ಮೆಕ್‌ಮೈಕಲ್, ತಾನು ಸಟಿಲ್ಲಾ ಶೋರ್ಸ್‌ನಲ್ಲಿದ್ದೇನೆ, ಇಲ್ಲೊಬ್ಬ ಕಪ್ಪು ಗಂಡಸು ರಸ್ತೆಯಲ್ಲಿ ಓಡುತ್ತಿದ್ದಾನೆ ಎಂದು ಹೇಳಿದ. ಆಮೇಲೆ ಅವನ ಕೂಗು ಕೇಳಿಸುತ್ತದೆ, ಅದರ ಹಿಂದೆಯೇ ಗುಂಡಿನ ಸದ್ದು ಕೇಳಿಸುತ್ತದೆ. ಅವನ ಮಗ ಟ್ರಾವಿಸ್ ಶಾಟ್‌ಗನ್‌ನಿಂದ ಮೂರು ಬಾರಿ ಗುಂಡು ಹಾರಿಸಿದ್ದ. 25 ವರ್ಷದ ಅಹ್ಮಾಡ್ ಆರ್ಬರಿ ರಸ್ತೆಯ ಮೇಲೆ ಬಿದ್ದು ಸತ್ತ.

ಅವನು ಟೀ ಶರ್ಟ್, ಚಡ್ಡಿ ಮತ್ತು ಓಟದ ಬೂಟು ತೊಟ್ಟಿದ್ದ. ಅವನ ಬಳಿ ಫೋನ್ ಇರಲಿಲ್ಲ, ಪರ್ಸ್ ಇರಲಿಲ್ಲ, ಆಯುಧವೂ ಇರಲಿಲ್ಲ. ಅವನ ಮನೆ ಅಲ್ಲಿಂದ ಸುಮಾರು ಎರಡು ಮೈಲಿ ದೂರದಲ್ಲಿತ್ತು. ಮಗ ಕಳ್ಳತನಕ್ಕೆ ಹೋಗಿ ಮನೆಯ ಮಾಲೀಕನ ಗುಂಡಿಗೆ ಬಲಿಯಾದನೆಂದು ತಾಯಿ ವಾಂಡಾ ಕೂಪರ್ ಜೋನ್ಸ್ ಅವರಿಗೆ ಮೊದಲು ತಿಳಿಸಲಾಯಿತು. ಅದರಲ್ಲಿ ಒಂದು ಮಾತೂ ನಿಜವಾಗಿರಲಿಲ್ಲ.

ಕೊಂದವರ ವಾದ ಆತ್ಮರಕ್ಷಣೆಯದಾಗಿತ್ತು. ಆರ್ಬರಿ ತನ್ನ ಬಂದೂಕಿಗೆ ಕೈ ಹಾಕಿದ, ಅದು ಅವನ ಕೈಗೆ ಸಿಕ್ಕಿದ್ದರೆ ತಾನು ಸಾಯುತ್ತಿದ್ದೆ, ಆದ್ದರಿಂದ ಗುಂಡು ಹಾರಿಸಬೇಕಾಯಿತು ಎಂದು ಟ್ರಾವಿಸ್ ಹೇಳಿದ. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಇಬ್ಬರ ಕೈಗಳೂ ಒಂದೇ ಬಂದೂಕಿನ ಮೇಲಿದ್ದ ಆ ಎರಡು ಮೂರು ಸೆಕೆಂಡುಗಳನ್ನು ಮಾತ್ರ ಕತ್ತರಿಸಿ ತೆಗೆದು ನೋಡಿದರೆ, ಟ್ರಾವಿಸ್‌ಗೆ ಪ್ರಾಣಭಯವಾಗಿತ್ತು ಎಂಬುದನ್ನು ನಾನೂ ನಂಬಬಲ್ಲೆ. ಆದರೆ ಕಥೆಯನ್ನು ಆ ಸೆಕೆಂಡುಗಳಿಂದಲೇ ಆರಂಭಿಸುವ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಅದಕ್ಕೆ ಮೊದಲು ಐದು ನಿಮಿಷಗಳು ಕಳೆದಿದ್ದವು. ತಂದೆ ಮಗ ಒಂದು ಟ್ರಕ್ಕಿನಲ್ಲಿ, ನಡೆದದ್ದೇನೆಂದು ತಿಳಿಯದೆಯೇ ಬೆನ್ನಟ್ಟುವುದಕ್ಕೆ ಸೇರಿಕೊಂಡ ನೆರೆಯವನಾದ ವಿಲಿಯಂ ಬ್ರಯನ್ ಇನ್ನೊಂದು ಟ್ರಕ್ಕಿನಲ್ಲಿ, ಓಡುತ್ತಿರುವ ಒಬ್ಬ ಯುವಕನನ್ನು ಒಂದು ಬೀದಿಯಿಂದ ಇನ್ನೊಂದಕ್ಕೆ ಅಟ್ಟಿಸಿಕೊಂಡು ಹೋಗಿ, ದಾರಿ ಅಡ್ಡಗಟ್ಟಿ, ಅವನು ತಿರುಗಿದಾಗ ತಾವೂ ತಿರುಗಿ, ಅವನಿಗೆ ಹೋಗಲು ಎಡೆಯಿಲ್ಲದಂತೆ ಮಾಡಿದ್ದರು. ಅವನು ಇಲಿಯಂತೆ ಸಿಕ್ಕಿಬಿದ್ದಿದ್ದ ಎಂದು ಪೊಲೀಸರಿಗೆ ಹೇಳಿದವನು ಸ್ವತಃ ಗ್ರೆಗರಿ. ಹಾಗೆ ಸಿಕ್ಕಿಬಿದ್ದವನು ಕೊನೆಗೆ ಎದುರಿನ ಬಂದೂಕಿಗೆ ಕೈ ಹಾಕಿದರೆ, ಆತ್ಮರಕ್ಷಣೆಯ ಹಕ್ಕು ಅಲ್ಲಿ ಯಾರದು?

ವ್ಯವಸ್ಥೆ ಈ ಪ್ರಶ್ನೆಯನ್ನು ಮೊದಲಿಗೆ ಕೇಳಲೇ ಇಲ್ಲ. ಗ್ರೆಗರಿ ಹಿಂದೆ ಪೊಲೀಸನಾಗಿದ್ದವನು, ನಂತರ ಅದೇ ಜಿಲ್ಲೆಯ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಮುಖ್ಯ ಸರ್ಕಾರಿ ಅಭಿಯೋಜಕರ, ಕಚೇರಿಯಲ್ಲಿ ತನಿಖಾಧಿಕಾರಿಯಾಗಿದ್ದವನು. ಆ ಕಚೇರಿ ಪ್ರಕರಣದಿಂದ ಹಿಂದೆ ಸರಿದ ಮೇಲೆ ಅದು ಪಕ್ಕದ ವೇಕ್ರಾಸ್ ವಲಯದ ಡಿಸ್ಟ್ರಿಕ್ಟ್ ಅಟಾರ್ನಿ ಜಾರ್ಜ್ ಬಾರ್ನ್‌ಹಿಲ್ ಅವರ ಕೈಗೆ ಬಂತು. ತಮ್ಮ ಮಗ ಅದೇ ಬ್ರನ್ಸ್‌ವಿಕ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಕಾರಣಕ್ಕೆ ಅವರೂ ಕೊನೆಗೆ ಹಿಂದೆ ಸರಿದರು. ಆದರೆ ಹೋಗುವ ಮುನ್ನ, ಯಾರನ್ನೂ ಬಂಧಿಸಲು ಆಧಾರವಿಲ್ಲ ಎಂದು ಪೊಲೀಸರಿಗೆ ಪತ್ರ ಬರೆದರು. ಅದರಲ್ಲಿ ಬೆನ್ನಟ್ಟಿದ್ದು ನಾಗರಿಕರು ಮಾಡಿದ ಕಾನೂನುಬದ್ಧ ಬಂಧನದ ಪ್ರಯತ್ನವಾಗಿತ್ತು, ಗುಂಡು ಹಾರಿಸಿದ್ದು ಆತ್ಮರಕ್ಷಣೆಯಾಗಿತ್ತು ಎಂಬ ವಾದವಿತ್ತು, ಬಂದೂಕನ್ನು ಎಳೆದಾಡಿದ ಆರ್ಬರಿಯಿಂದಲೇ ಗುಂಡು ಹಾರಿರಬಹುದೆಂಬ ಊಹೆಯೂ ಇತ್ತು. ಸತ್ತವನ ಮಾನಸಿಕ ಆರೋಗ್ಯವನ್ನೂ ಹಳೆಯ ಅಪರಾಧಗಳನ್ನೂ ಎತ್ತಿ, ಅವನ ಆಕ್ರಮಣಕಾರಿ ಸ್ವಭಾವಕ್ಕೆ ಅವು ಕಾರಣವಿರಬಹುದೆಂದು ಸೂಚಿಸಲಾಗಿತ್ತು. ಆಯುಧವಿಲ್ಲದೆ ಓಡುತ್ತಿದ್ದವನ ಸ್ವಭಾವವನ್ನು ವಿವರಿಸುವ ಅಗತ್ಯ ಆ ಪತ್ರಕ್ಕಿತ್ತು. ಬಂದೂಕು ಹಿಡಿದು ಅಟ್ಟಿಸಿಕೊಂಡು ಹೋದವರ ಸ್ವಭಾವವನ್ನು ವಿವರಿಸುವ ಅಗತ್ಯ ಅದಕ್ಕೆ ಕಾಣಲಿಲ್ಲ. ಈ ಪ್ರಕರಣದಲ್ಲಿ ಬಣ್ಣದ ಪಾತ್ರವೇನು ಎಂದು ಕೇಳುವವರು ಬೈಗುಳಗಳನ್ನು ಹುಡುಕುವ ಮೊದಲು ಈ ಪತ್ರವನ್ನು ಓದಬೇಕೆಂದು ನನ್ನ ಅನಿಸಿಕೆ.

ಬ್ರಯನ್ ತನ್ನ ಫೋನಿನಲ್ಲಿ ಚಿತ್ರೀಕರಿಸಿದ್ದ ವಿಡಿಯೊ ಮೇ 5ರಂದು ಹೊರಬಂತು. ಅದನ್ನು ಸ್ಥಳೀಯ ರೇಡಿಯೊ ಕೇಂದ್ರಕ್ಕೆ ಕೊಟ್ಟವರು ಮೆಕ್‌ಮೈಕಲ್‌ಗಳಿಗೆ ಪರಿಚಿತರಾದ ಒಬ್ಬ ವಕೀಲರು. ಊರಿನಲ್ಲಿ ಹಬ್ಬಿದ್ದ ಗಾಳಿಮಾತುಗಳಿಗೆ ಅದರಿಂದ ತೆರೆಬೀಳುತ್ತದೆ ಎಂದು ಅವರು ಭಾವಿಸಿದ್ದರು. ಕೊನೆಯ ಕ್ಷಣಗಳನ್ನೇ ಕಥೆಯೆಂದು ಭಾವಿಸಿದವರಿಗೆ ಅದರಲ್ಲಿ ಆತ್ಮರಕ್ಷಣೆ ಕಾಣಿಸಿರಬಹುದು. ದೇಶಕ್ಕೆ ಕಂಡದ್ದು ಬೇಟೆ. ರಾಜ್ಯದ ತನಿಖಾ ದಳ ಪ್ರಕರಣವನ್ನು ಕೈಗೆತ್ತಿಕೊಂಡು ಎರಡೇ ದಿನದಲ್ಲಿ ತಂದೆ ಮಗನನ್ನು ಬಂಧಿಸಿತು. ಕೊಲೆ ನಡೆದು ಆಗಲೇ 74 ದಿನಗಳಾಗಿದ್ದವು.

ಇಲ್ಲಿ ಕಾನೂನಿನ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಆರೋಪಿಗಳ ಇಡೀ ವಾದ ಒಂದರ ಮೇಲೊಂದು ಇಟ್ಟ ಎರಡು ಕಲ್ಲುಗಳಂತಿತ್ತು. ಕೆಳಗಿನ ಕಲ್ಲು ನಾಗರಿಕ ಬಂಧನದ ಕಾನೂನು. 1863ರಲ್ಲಿ, ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ ಜಾರ್ಜಿಯಾದಲ್ಲಿ ಸಂಹಿತೆಗೆ ಸೇರಿದ ಆ ಕಾನೂನು, ತನ್ನ ಕಣ್ಣೆದುರು ಅಥವಾ ತನಗೆ ನೇರವಾಗಿ ತಿಳಿದಂತೆ ಅಪರಾಧ ನಡೆದಿದ್ದರೆ ಅಪರಾಧಿಯನ್ನು ಹಿಡಿಯಲು ಸಾಮಾನ್ಯ ಮನುಷ್ಯನಿಗೂ ಅವಕಾಶ ಕೊಟ್ಟಿತ್ತು. ಗಂಭೀರ ಅಪರಾಧ ಮಾಡಿ ತಪ್ಪಿಸಿಕೊಳ್ಳುತ್ತಿರುವವನಾದರೆ ಬಲವಾದ ಅನುಮಾನವೂ ಸಾಕಾಗಿತ್ತು. ಮೇಲಿನ ಕಲ್ಲು ಆತ್ಮರಕ್ಷಣೆ. ಬೆನ್ನಟ್ಟಿದ್ದು ಕಾನೂನುಬದ್ಧವಾದರೆ, ಬಂಧಿಸಲು ಬಂದವನ ಮೇಲೆ ಆರ್ಬರಿ ಎರಗಿದಂತಾಗುತ್ತದೆ. ಬೆನ್ನಟ್ಟಿದ್ದೇ ಅಪರಾಧವಾದರೆ ಮೇಲಿನ ಕಲ್ಲು ತಾನಾಗಿ ಉರುಳುತ್ತದೆ, ಏಕೆಂದರೆ ತಾನೇ ಆಕ್ರಮಣ ಆರಂಭಿಸಿದವನಿಗೆ, ಗಂಭೀರ ಅಪರಾಧದಲ್ಲಿ ತೊಡಗಿರುವವನಿಗೆ ಜಾರ್ಜಿಯಾದ ಕಾನೂನು ಆತ್ಮರಕ್ಷಣೆಯ ಹಕ್ಕನ್ನು ಕೊಡುವುದಿಲ್ಲ.

ಸರ್ಕಾರಿ ಅಭಿಯೋಜಕಿ ಲಿಂಡಾ ಡುನಿಕೋಸ್ಕಿ ಕೈಯಿಟ್ಟದ್ದು ಆ ಕೆಳಗಿನ ಕಲ್ಲಿಗೆ. ಕಟಕಟೆಯಲ್ಲಿದ್ದ ಟ್ರಾವಿಸ್‌ನನ್ನು ಅವರು ಪಾಟೀಸವಾಲಿಗೆ ಒಳಪಡಿಸಿದಾಗ, ಆರ್ಬರಿ ಒಂದು ಮಾತನ್ನೂ ಆಡಿರಲಿಲ್ಲ, ಬೆದರಿಸಿರಲಿಲ್ಲ, ಆಯುಧ ತೋರಿಸಿರಲಿಲ್ಲ ಎಂದು ಅವನು ಒಪ್ಪಿಕೊಂಡ. ಅವನು ನಿಜವಾಗಿ ಏನನ್ನಾದರೂ ಕದ್ದಿದ್ದನೆಂದು ತನಗೆ ಅನಿಸುವುದಿಲ್ಲ ಎಂದು ಘಟನೆಯ ದಿನವೇ ಗ್ರೆಗರಿ ಪೊಲೀಸರಿಗೆ ಹೇಳಿದ್ದ. ಹಾಗಾದರೆ ಬಂಧಿಸಬೇಕಾಗಿದ್ದ ಅಪರಾಧ ಯಾವುದು?

ಆರೋಪಿಗಳ ಪರವಾಗಿ ಹೇಳಬಹುದಾದದ್ದನ್ನೂ ಹೇಳುತ್ತೇನೆ. ಆ ಬಡಾವಣೆಯಲ್ಲಿ ಕಳ್ಳತನದ ದೂರುಗಳಿದ್ದವು. ವರ್ಷದ ಮೊದಲ ದಿನವೇ ಟ್ರಾವಿಸ್‌ನ ಟ್ರಕ್ಕಿನಿಂದ ಪಿಸ್ತೂಲೊಂದು ಕಳುವಾಗಿತ್ತು. ಆರ್ಬರಿ ಕೊಲೆಯಾದ ದಿನಕ್ಕೆ ಮೊದಲೂ ರಾತ್ರಿ ಹೊತ್ತಿನಲ್ಲಿ ಆ ಕಟ್ಟುತ್ತಿದ್ದ ಮನೆಯೊಳಗೆ ಹೋಗಿದ್ದುದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಆದರೆ ಅವನು ಅಲ್ಲಿಂದ ಏನನ್ನಾದರೂ ಒಯ್ದದ್ದು ಯಾವ ದೃಶ್ಯದಲ್ಲೂ ಇಲ್ಲ. ಅದೇ ಕ್ಯಾಮೆರಾಗಳಲ್ಲಿ ಬೇರೆಯವರೂ ಇದ್ದರು. ಒಂದು ಬಿಳಿಯ ದಂಪತಿ ಬಂದು ನೋಡಿಹೋಗಿದ್ದರು, ಮಕ್ಕಳು ನುಗ್ಗಿದ್ದರು. ಅವರಲ್ಲಿ ಯಾರನ್ನೂ ಟ್ರಕ್ಕಿನಲ್ಲಿ ಬೆನ್ನಟ್ಟಲಿಲ್ಲ.

ಇನ್ನು ನ್ಯಾಯಾಲಯದಲ್ಲಿ ಬಣ್ಣದ ಮಾತು. ಆ ಕೌಂಟಿಯ ಜನಸಂಖ್ಯೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಪ್ಪು ಜನರಿದ್ದಾರೆ. ಆದರೆ ತೀರ್ಪು ಕೊಡಲು ಸಾಮಾನ್ಯ ನಾಗರಿಕರಿಂದ ಆರಿಸಿದ ಜ್ಯೂರಿಯ 12 ಮಂದಿಯಲ್ಲಿ ಒಬ್ಬರು ಮಾತ್ರ ಕಪ್ಪು ವರ್ಣೀಯರು. ಆಯ್ಕೆಯಲ್ಲಿ ಉದ್ದೇಶಪೂರ್ವಕ ತಾರತಮ್ಯ ನಡೆದಂತೆ ಕಾಣುತ್ತದೆ ಎಂದು ನ್ಯಾಯಾಧೀಶ ತಿಮೋತಿ ವಾಲ್ಮ್ಸ್‌ಲಿ ಅವರೇ ಹೇಳಿದರೂ, ತಮ್ಮ ಕೈಕಟ್ಟಿದೆ ಎಂಬಂತೆ ವಿಚಾರಣೆಯನ್ನು ಮುಂದುವರಿಸಿದರು. ಆರೋಪಿಗಳ ಪರ ವಕೀಲರೊಬ್ಬರು ಕಪ್ಪು ಪಾದ್ರಿಗಳು ನ್ಯಾಯಾಲಯಕ್ಕೆ ಬಂದು ಕೂರುವುದು ಬೇಡವೆಂದರು. ಮರುವಾರ ನೂರಾರು ಪಾದ್ರಿಗಳು ಹೊರಗೆ ಬಂದು ನಿಂತರು. ಇನ್ನೊಬ್ಬ ವಕೀಲೆ ತಮ್ಮ ಅಂತಿಮ ವಾದದಲ್ಲಿ ಸತ್ತವನ ಉದ್ದನೆಯ, ಕೊಳಕಾದ ಕಾಲುಗುರುಗಳನ್ನು ಪ್ರಸ್ತಾಪಿಸಿದರು. ಮಗನನ್ನು ಕಳೆದುಕೊಂಡ ತಾಯಿ ಕೂತು ಕೇಳುತ್ತಿದ್ದ ಸಭಾಂಗಣದಲ್ಲಿ ಆಡಿದ ಮಾತು ಅದು. ಒಬ್ಬ ಮನುಷ್ಯನನ್ನು ಭಯಪಡಬೇಕಾದ ಪ್ರಾಣಿಯನ್ನಾಗಿ ಚಿತ್ರಿಸುವುದಲ್ಲದೆ ಆ ಉಗುರುಗಳಿಗೆ ಆತ್ಮರಕ್ಷಣೆಯೊಂದಿಗೆ ಬೇರೆ ಯಾವ ಸಂಬಂಧವಿತ್ತೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಹಾಗಿದ್ದರೂ ಸರ್ಕಾರದ ಪಕ್ಷ ಬಣ್ಣದ ವಿಷಯವನ್ನು ಬಹುಮಟ್ಟಿಗೆ ಬದಿಗಿಟ್ಟಿತು. ಬಿದ್ದ ದೇಹದ ಪಕ್ಕದಲ್ಲಿ ನಿಂತು ಟ್ರಾವಿಸ್ ಜನಾಂಗೀಯ ಬೈಗುಳವನ್ನಾಡಿದನೆಂದು ಬ್ರಯನ್ ತನಿಖಾಧಿಕಾರಿಗಳಿಗೆ ಹೇಳಿದ್ದ. ಟ್ರಾವಿಸ್‌ನ ವಕೀಲರು ಅದನ್ನು ಅಲ್ಲಗಳೆದಿದ್ದರು. ಆ ಹೇಳಿಕೆಯನ್ನು ಜ್ಯೂರಿಯ ಮುಂದೆ ತರಲೇ ಇಲ್ಲ. ಅಂತಿಮ ವಾದದಲ್ಲಿ ಮಾತ್ರ ಒಮ್ಮೆ, ಅವನು ರಸ್ತೆಯಲ್ಲಿ ಓಡುತ್ತಿದ್ದ ಕಪ್ಪು ಗಂಡಸು ಎಂಬ ಕಾರಣಕ್ಕೇ ಇವರು ತಮ್ಮ ಮನೆಯಂಗಳದಲ್ಲೇ ದಾಳಿಯ ತೀರ್ಮಾನ ಮಾಡಿದರು ಎಂದು ಡುನಿಕೋಸ್ಕಿ ಹೇಳಿದರು. ಇದು ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಇದೆ. ಹನ್ನೊಂದು ಬಿಳಿಯರಿದ್ದ ಆ ಜ್ಯೂರಿಯೆದುರು ಬೆನ್ನಟ್ಟಿದ ವಿಚಾರವನ್ನೇ ಮುಂದಿಟ್ಟದ್ದು ಜಾಣತನವೆಂದು ನಾನು ಒಪ್ಪುತ್ತೇನೆ. ನವೆಂಬರ್ 24, 2021ರಂದು ಮೂವರೂ ಕೊಲೆಯ ದೋಷಿಗಳೆಂದು ಅದೇ ಜ್ಯೂರಿ ತೀರ್ಮಾನಿಸಿತು. ಆದರೆ ನ್ಯಾಯ ಸಿಗಬೇಕಾದರೆ ಎಲ್ಲರ ಕಣ್ಣಿಗೆ ಕಾಣುತ್ತಿರುವ ಸತ್ಯವನ್ನು ಅರ್ಧ ನುಂಗಿಕೊಳ್ಳಬೇಕಾಗಿ ಬಂದ ಸ್ಥಿತಿಯನ್ನು ನೆನೆದರೆ ನನಗೆ ನೋವಾಗುತ್ತದೆ.

2022ರ ಜನವರಿ 7ರಂದು ಶಿಕ್ಷೆ ಪ್ರಕಟಿಸುವ ಮೊದಲು ನ್ಯಾಯಾಧೀಶ ವಾಲ್ಮ್ಸ್‌ಲಿ ಮಾತು ನಿಲ್ಲಿಸಿ ಒಂದು ನಿಮಿಷ ಸುಮ್ಮನೆ ಕೂತರು. ಆರ್ಬರಿ ಓಡಿದ ಐದು ನಿಮಿಷಗಳ ಒಂದು ಭಾಗವಾದರೂ ಎಷ್ಟು ದೀರ್ಘವೆಂದು ಎಲ್ಲರಿಗೂ ತಿಳಿಯಲಿ ಎಂಬುದು ಅವರ ಉದ್ದೇಶವಾಗಿತ್ತು. ನಾನು ಆ ದೃಶ್ಯವನ್ನು ನೋಡುತ್ತಾ ಅರ್ಧಕ್ಕೇ ಕೈ ಫೋನಿನ ಕಡೆ ಹೋದದ್ದನ್ನು ಗಮನಿಸಿ ನಾಚಿಕೊಂಡೆ. ಮೌನ ಮುಗಿದ ಮೇಲೆ ತಂದೆ ಮಗನಿಗೆ ಪೆರೋಲ್ (ಅವಧಿಗೆ ಮುನ್ನ ಷರತ್ತಿನ ಬಿಡುಗಡೆ) ಇಲ್ಲದ ಜೀವಾವಧಿ ಶಿಕ್ಷೆಯನ್ನೂ, ಬ್ರಯನ್‌ಗೆ 30 ವರ್ಷಗಳ ನಂತರ ಪೆರೋಲ್ ಕೇಳಬಹುದಾದ ಜೀವಾವಧಿ ಶಿಕ್ಷೆಯನ್ನೂ ವಿಧಿಸಿದರು.

ರಾಜ್ಯದ ನ್ಯಾಯಾಲಯದಲ್ಲಿ ಹೇಳದೆ ಉಳಿದದ್ದನ್ನು ಫೆಡರಲ್, ಅಂದರೆ ಕೇಂದ್ರದ, ನ್ಯಾಯಾಲಯ ಕೇಳಿತು. ತಂದೆ ಮಗನ ಮಟ್ಟಿಗೆ ಆ ಪ್ರಕರಣ ತಪ್ಪೊಪ್ಪಿಗೆಯ ಒಪ್ಪಂದದಲ್ಲಿ ಮುಗಿದುಹೋಗುವ ಹಂತದಲ್ಲಿತ್ತು. ಅದು ಬೇಡವೆಂದು ಪಟ್ಟುಹಿಡಿದವರು ತಾಯಿ ವಾಂಡಾ ಮತ್ತು ಕುಟುಂಬದವರು. ನ್ಯಾಯಾಧೀಶೆ ಲೀಸಾ ಗಾಡ್ಬಿ ವುಡ್ ಆ ಒಪ್ಪಂದವನ್ನು ತಿರಸ್ಕರಿಸಿದರು. ಆರೋಪಿಗಳು ವರ್ಷಗಳಿಂದ ಕಳಿಸಿದ್ದ ಸಂದೇಶಗಳು, ಕಪ್ಪು ಜನರ ಬಗ್ಗೆ ಆಡಿದ್ದ ಮಾತುಗಳು ಒಂದೊಂದಾಗಿ ಸಾಕ್ಷ್ಯವಾಗಿ ಬಂದವು. ಫೆಬ್ರವರಿ 22ರಂದು ಮೂವರೂ ದ್ವೇಷಾಪರಾಧದ ದೋಷಿಗಳೆಂದು ತೀರ್ಪು ಬಂತು. ವಾಂಡಾ ಪಟ್ಟು ಸಡಿಲಿಸಿದ್ದರೆ ತಂದೆ ಮಗನ ವಿಷಯದಲ್ಲಿ ಜ್ಯೂರಿಯೊಂದು ಈ ಸಾಕ್ಷ್ಯವನ್ನೆಲ್ಲ ಕೇಳಿ ತೀರ್ಮಾನಿಸಿದ ದಾಖಲೆಯೇ ಇರುತ್ತಿರಲಿಲ್ಲ.

ಎಲ್ಲ ಪ್ರಕರಣಗಳಲ್ಲೂ ಹೀಗಾಗುವುದಿಲ್ಲ. 2012ರಲ್ಲಿ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ 17 ವರ್ಷದ ಟ್ರೇವಾನ್ ಮಾರ್ಟಿನ್‌ನನ್ನು ಬಡಾವಣೆಯ ಸ್ವಯಂಸೇವಕ ಕಾವಲುಗಾರನಾಗಿದ್ದ ಜಾರ್ಜ್ ಜಿಮ್ಮರ್‌ಮನ್ ಗುಂಡಿಟ್ಟು ಕೊಂದಾಗ, ಕೊನೆಯ ಕ್ಷಣಗಳ ವಿಡಿಯೊ ಇರಲಿಲ್ಲ, ಇನ್ನೊಂದು ಪಕ್ಷದ ಕಥೆ ಹೇಳಬೇಕಾದವನು ಸತ್ತಿದ್ದ. ಆತ್ಮರಕ್ಷಣೆಯಲ್ಲವೆಂದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಮರುವರ್ಷ ಜಿಮ್ಮರ್‌ಮನ್ ಖುಲಾಸೆಯಾದ. ಬ್ರಯನ್ ತನ್ನ ಫೋನನ್ನು ಎತ್ತಿ ಹಿಡಿಯದಿದ್ದರೆ ಬ್ರನ್ಸ್‌ವಿಕ್‌ನಲ್ಲಿಯೂ ಬಾರ್ನ್‌ಹಿಲ್ ಅವರ ಪತ್ರವೇ ಕೊನೆಯ ಮಾತಾಗುತ್ತಿತ್ತು.

1863ರ ಆ ಕಾನೂನನ್ನು 2021ರ ಮೇ ತಿಂಗಳಲ್ಲಿ ಜಾರ್ಜಿಯಾ ರದ್ದುಪಡಿಸಿತು. ಆತ್ಮರಕ್ಷಣೆಯ ಕಾನೂನು ಮಾತ್ರ ಹಾಗೆಯೇ ಇದೆ, ಇರಲೇಬೇಕು. ಅದರಲ್ಲಿ ಮುಖ್ಯವಾದದ್ದು ಭಯ ಸಮಂಜಸವಾಗಿರಬೇಕು ಎಂಬ ಮಾತು. ಯಾರನ್ನು ಕಂಡರೆ ಭಯವಾಗುವುದು ಸಮಂಜಸ ಎಂಬುದನ್ನು ಕಾನೂನಿನ ಪುಸ್ತಕ ಹೇಳುವುದಿಲ್ಲ, ಹನ್ನೆರಡು ಜನರು ತಮ್ಮ ಜೀವನಾನುಭವದಿಂದ ತಂದು ತುಂಬುತ್ತಾರೆ. ನಮ್ಮವರು ಈ ಚರ್ಚೆಯನ್ನು ಕಪ್ಪು ಬಿಳಿಯರ ನಡುವಿನದೆಂದು ದೂರ ನಿಂತು ನೋಡುವುದುಂಟು. 2015ರ ಫೆಬ್ರವರಿಯಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಹಿರಿಯರೊಬ್ಬರು ಅಲಬಾಮಾದ ಮ್ಯಾಡಿಸನ್‌ನಲ್ಲಿ ಮಗನ ಮನೆಯ ಬೀದಿಯಲ್ಲೇ ವಾಕಿಂಗ್ ಹೋಗುತ್ತಿದ್ದರು. ಸಣಕಲು ಕಪ್ಪು ಗಂಡಸೊಬ್ಬ ತಿರುಗಾಡುತ್ತಿದ್ದಾನೆಂದು ನೆರೆಯವರೊಬ್ಬರು ಪೊಲೀಸರಿಗೆ ತಿಳಿಸಿದರು. ಬಂದ ಪೊಲೀಸ್ ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದಾಗ ಬೆನ್ನುಹುರಿಗೆ ಪೆಟ್ಟಾಗಿ ಅವರ ದೇಹ ಭಾಗಶಃ ಸ್ವಾಧೀನ ಕಳೆದುಕೊಂಡಿತು.

ನಾನಿರುವುದು ಅಟ್ಲಾಂಟಾದ ಹತ್ತಿರ, ಬ್ರನ್ಸ್‌ವಿಕ್ ಇಲ್ಲಿಂದ ಸುಮಾರು ಐದು ಗಂಟೆಯ ದಾರಿ. ಬೇಸಿಗೆಯಲ್ಲಿ ನನ್ನ ಅಪ್ಪ ಬಂದು ನಾಲ್ಕೈದು ತಿಂಗಳು ನಮ್ಮೊಂದಿಗಿರುತ್ತಾರೆ. ಲೋಕೋಪಯೋಗಿ ಇಲಾಖೆಯಲ್ಲಿ 30 ವರ್ಷ ದುಡಿದವರು. ಎಲ್ಲೇ ಮನೆ ಕಟ್ಟುತ್ತಿದ್ದರೂ ಒಳಹೊಕ್ಕು ನೋಡದೆ ಮುಂದೆ ಹೋದವರಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಮರದ ಚೌಕಟ್ಟಿನ ಮನೆಯೊಂದು ಏಳುತ್ತಿದ್ದಾಗ, ಇಷ್ಟು ತೆಳುವಾದ ಮರದ ಮೇಲೆ ಎರಡನೆಯ ಅಂತಸ್ತನ್ನು ಹೇಗೆ ನಿಲ್ಲಿಸುತ್ತಾರೆಂದು ನೋಡಲು ಅವರು ದಿನವೂ ಬೆಳಿಗ್ಗೆ ಆರಕ್ಕೆ ಒಳಗೆ ಹೋಗಿ, ಕಂಬಗಳನ್ನು ಗೇಣಿನಿಂದ ಅಳೆದು ಬರುತ್ತಿದ್ದರು. ಅದು ಗೊತ್ತಾದ ದಿನ, ಅಪ್ಪ, ಇನ್ನುಮೇಲೆ ಒಳಗೆ ಹೋಗಬೇಡಿ ಎಂದು ನಾನು ಹೇಳಿದೆ. ಬಾಗಿಲೇ ಇಲ್ಲದ ಮನೆಗೆ ಹೋದರೆ ಯಾರು ಏನನ್ನುತ್ತಾರೆ ಎಂದು ಕೇಳಿದರು. ನಾನು ಆರ್ಬರಿಯ ಕಥೆಯನ್ನು ಮೊದಲಿನಿಂದ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಹುಡುಗನೂ ಕಂಬ ನೋಡುವುದಕ್ಕೇ ಹೋಗಿದ್ದನೋ ಏನೋ ಎಂದರು. ಮರುದಿನ ಬೆಳಿಗ್ಗೆ ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಮನೆ ಹತ್ತಿರವಾಗುತ್ತಿದ್ದಂತೆ ಅಪ್ಪ ರಸ್ತೆ ದಾಟಿ ಆಚೆ ಬದಿಗೆ ಹೋದರು.